ಕೆಳಗಿನಿಂದ ಮೂರನೆಯದು

ಗುಡ್ಡದ ಮೇಲಿನ ನೀರಿನ ತೊಟ್ಟಿಯ ಪಕ್ಕ ಎರಡು ಕೋಣೆಗಳ ಒಂದು ಕಟ್ಟಡವಿದೆ. ಮುಂದಿನ ಕೋಣೆಯಲ್ಲಿ ಒಂದು ಮೇಜು, ಒಂದು ಕುರ್ಚಿ, ಹಾಜರಿ ಹಾಕಲು ಒಂದು ಹಳೇ ಕಂಪ್ಯೂಟರ್, ಒಂದು ಫೋನು. ಹಿಂದಿನ ಕೋಣೆಯಲ್ಲಿ ಬೀರುವಿನಷ್ಟೆತ್ತರದ ಕಬ್ಬಿಣದ ಚೌಕಟ್ಟು, ಅದರಲ್ಲಿ ಒಂದರ ಮೇಲೊಂದರಂತೆ ಆರು ಸರ್ವರ್‌ಗಳು, ಅವುಗಳಿಗೆಂದೇ ಸದಾ ಗುಂಯ್ ಎನ್ನುವ ಒಂದು ಎ.ಸಿ. ಊರಿನ ಯಾವ ತೊಟ್ಟಿಯಲ್ಲಿ ಎಷ್ಟು ನೀರಿದೆ, ಯಾವ ಪಂಪು ಓಡುತ್ತಿದೆ, ಯಾವುದು ನಿಂತಿದೆ ಎಂದು ನೋಡಿಕೊಳ್ಳುವುದು ಆ ಆರರ ಕೆಲಸ. ಆ ಆರನ್ನು ನೋಡಿಕೊಳ್ಳುವುದು ಗುಂಡಿಯಣ್ಣನ ಕೆಲಸ.

ಗುಂಡಿಯಣ್ಣ ಎನ್ನುವುದು ಕಚೇರಿಯವರು ಇಟ್ಟ ಹೆಸರು. ಇಟ್ಟವರನ್ನು ಬೈಯುವಂತಿಲ್ಲ, ಏಕೆಂದರೆ ಅವನು ಹನ್ನೆರಡು ವರ್ಷ ಮಾಡಿದ್ದೇ ಅದು: ಗುಂಡಿ ಒತ್ತುವುದು, ಮೊದಲು ಪಂಪಿನದು, ಕಳೆದ ಏಳು ವರ್ಷ ಈ ಯಂತ್ರಗಳದು. ಸರ್ವರ್ ಎಂದರೆ ಭಾರೀ ಬುದ್ಧಿವಂತ ಯಂತ್ರ ಎಂದು ನೀವು ತಿಳಿದಿರಬಹುದು. ಇರಲಿ, ಬೇಡ ಎನ್ನುವವರಾರು? ಆದರೆ ತಿಂಗಳಿಗೆ ಎರಡು ಮೂರು ಸಲ ಅದು ಹಟ ಹಿಡಿದ ಕೂಸಿನ ಹಾಗೆ ಮಾತು ಬಿಟ್ಟು ಕೂರುತ್ತದೆ. ಆಗ ಊರೊಳಗಿನ ಮುಖ್ಯ ಕಚೇರಿಯಿಂದ ಎಂಜಿನಿಯರ್ ಮೇಡಂ ಫೋನ್ ಮಾಡುತ್ತಾರೆ.

"ಅಣ್ಣಾ, ಎರಡನೇದು ಮಾತಾಡ್ತಿಲ್ಲ. ಒಂದ್ಸಲ ಆರಿಸಿ ಹಾಕ್ತೀರಾ?"

ಗುಂಡಿಯಣ್ಣ ಫೋನನ್ನು ಮೇಜಿನ ಮೇಲೆ ಮಲಗಿಸಿ, ಚಪ್ಪಲಿ ಪಟಪಟ ಅನ್ನಿಸುತ್ತ ಹಿಂದಿನ ಕೋಣೆಗೆ ಹೋಗುತ್ತಾನೆ. ಗುಂಡಿಯನ್ನು ಐದು ಎಣಿಸುವ ತನಕ ಒತ್ತಿ ಹಿಡಿಯುತ್ತಾನೆ. ಫ್ಯಾನುಗಳ ಸದ್ದು ಅಡಗಿದ ಮೇಲೆ ಇನ್ನೊಮ್ಮೆ ಒತ್ತುತ್ತಾನೆ. ಪಟಪಟ ಎಂದು ವಾಪಸು ಬಂದು "ಎದ್ದಿದೆ ಮೇಡಂ" ಎನ್ನುತ್ತಾನೆ. ಆರು ವರ್ಷದಿಂದ ಇಬ್ಬರ ನಡುವೆ ನಡೆದಿರುವ ಮಾತೆಲ್ಲ ಹೆಚ್ಚುಕಡಿಮೆ ಇಷ್ಟೇ. ಮುಖ ಮಾತ್ರ ಒಬ್ಬರದನ್ನೊಬ್ಬರು ನೋಡಿರಲಿಲ್ಲ.

ಎಣಿಕೆ ಯಾವಾಗಲೂ ಕೆಳಗಿನಿಂದ. ಯಂತ್ರಗಳು ಬಂದ ದಿನ ಭಾರ ಕೆಳಗಿರಲಿ ಎಂದು ಮೊದಲನೆಯದನ್ನು ತೀರಾ ಕೆಳಗೆ ಕೂರಿಸಿ, ಅದರ ಮೇಲೆ ಎರಡನೆಯದು, ಮೂರನೆಯದು ಎಂದು ಏರಿಸುತ್ತ ಹೋಗಿದ್ದರು. ಹೊರುವುದಕ್ಕೆ ಕೈ ಕೊಟ್ಟವನೂ ಗುಂಡಿಯಣ್ಣನೇ. ಮನೆಯ ಮಹಡಿ ಎಣಿಸುವುದೂ ಕೆಳಗಿನಿಂದಲೇ ತಾನೆ ಎಂದು ಅವನ ವಾದ. ಮೇಡಂ ಹತ್ತಿರವಿದ್ದ ಪಟ್ಟಿಯೂ ಹಾಗೇ ಇತ್ತು.

ಆ ವರ್ಷದ ಆರಂಭದಲ್ಲಿ ಇಲಾಖೆಯಿಂದ ಒಂದು ಸುತ್ತೋಲೆ ಬಂದಿತ್ತು. ಊರಾಚೆ ಒಬ್ಬೊಬ್ಬರೇ ಕೂತಿರುವ ಕೋಣೆಗಳಲ್ಲಿ ಮನುಷ್ಯ ಯಾಕೆ ಬೇಕು ಎಂದು ಕಾರಣ ಬರೆದು ಕಳಿಸಬೇಕು, ಕಾರಣ ಇಲ್ಲದಿದ್ದರೆ ಹುದ್ದೆ ರದ್ದು. ಗುಂಡಿಯಣ್ಣನ ಪರವಾಗಿ ಮೇಡಂ ಒಂದೇ ಸಾಲು ಬರೆದಿದ್ದರು: ಯಂತ್ರ ನಿಂತಾಗ ಗುಂಡಿ ಒತ್ತಲು ಮನುಷ್ಯ ಬೇಕು. ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿದ್ದ ಅವನ ನೌಕರಿ ಆ ಒಂದು ಸಾಲಿನ ಮೇಲೆ ನಿಂತಿತ್ತು.

ಸುಮ್ಮನೆ ಕೂತು ನಾಲ್ಕು ವರ್ಷ ಕಳೆಯಬಾರದಿತ್ತೇ? ಆದರೆ ಈ ಆಸಾಮಿಗೆ ಸುಮ್ಮನೆ ಕೂರುವುದು ಹುಟ್ಟಿನಿಂದಲೇ ಬಂದಿಲ್ಲ. ಮುಚ್ಚಿದ್ದು ಏನೇ ಕಂಡರೂ ಬಿಚ್ಚಿ ನೋಡಬೇಕು. ಮದುವೆಯಾದ ಹದಿನೈದನೇ ದಿನಕ್ಕೆ ಹೆಂಡತಿ ತವರಿನಿಂದ ತಂದ ಹೊಲಿಗೆ ಯಂತ್ರವನ್ನು ಬಿಚ್ಚಿ ಚಾಪೆಯ ಮೇಲೆ ಹರಡಿಕೊಂಡಿದ್ದ. ಜೋಡಿಸಿದ ಮೇಲೆ ಎರಡು ತಿರುಪು ಮಿಕ್ಕಿದ್ದವು. ಆ ಎರಡು ತಿರುಪನ್ನು ಹೆಂಡತಿ ಇಂದಿಗೂ ಡಬ್ಬಿಯಲ್ಲಿಟ್ಟುಕೊಂಡಿದ್ದಾಳೆ, ಜಗಳ ಬಂದಾಗ ತೆಗೆದು ತೋರಿಸುವುದಕ್ಕೆ. ಅವಳು ಮನೆಯ ಮುಂದಿನ ಕೋಣೆಯಲ್ಲಿ ಬೀದಿಯವರ ಬಟ್ಟೆ ಹೊಲಿಯುತ್ತಾಳೆ. "ನಾನು ಗುಂಡಿ ಹಚ್ತೀನಿ, ನಮ್ಮನೆಯವರು ಗುಂಡಿ ಒತ್ತುತ್ತಾರೆ" ಎಂದು ಬಂದವರ ಮುಂದೆಲ್ಲ ಹೇಳಿ ನಗುತ್ತಾಳೆ.

ಗುಂಡಿಯಣ್ಣನ ತಲೆಗೆ ಹುಳ ಬಿಟ್ಟದ್ದು ಒಂದು ಸಣ್ಣ ಹಸಿರು ದೀಪ. ಸರ್ವರ್‌ನ ಬೆನ್ನಿಗೆ ಸಾಲಾಗಿ ವೈರುಗಳಿರುತ್ತವೆ. ಆ ಸಾಲಿನಿಂದ ದೂರ, ಮೂಲೆಯಲ್ಲಿ, ಒಂದು ಖಾಲಿ ತೂತು. ಪಕ್ಕದಲ್ಲಿ ಸ್ಪ್ಯಾನರಿನ ಸಣ್ಣ ಚಿತ್ರ. ಆರಕ್ಕೆ ಆರೂ ಯಂತ್ರಗಳಲ್ಲಿ ಆ ತೂತು ಇತ್ತು, ಆರೂ ಖಾಲಿ. ಒಂದು ದಿನ ಯಂತ್ರವೊಂದನ್ನು ಪೂರ್ತಿ ಆರಿಸಿ ಹಿಂದಕ್ಕೆ ಹೋಗಿ ಧೂಳು ಒರೆಸುವಾಗ ನೋಡುತ್ತಾನೆ, ತೂತಿನ ಪಕ್ಕದ ದೀಪ ನಿಧಾನಕ್ಕೆ ಮಿನುಗುತ್ತಿದೆ. ಫ್ಯಾನು ನಿಂತಿದೆ, ಮುಂದಿನ ದೀಪ ಆರಿದೆ, ಮೈ ತಣ್ಣಗಾಗಿದೆ. ಇದೊಂದು ಮಾತ್ರ ಯಾರಿಗೋ ಕಣ್ಣು ಹೊಡೆಯುತ್ತಿದೆ!

"ಮೇಡಂ, ಯಂತ್ರ ಆರಿಸಿದ ಮೇಲೂ ಒಳಗೆ ಎಚ್ಚರ ಇರೋರು ಯಾರು?" ಎಂದು ಫೋನಿನಲ್ಲಿ ಕೇಳಿದ.

"ಏನಣ್ಣಾ, ದೆವ್ವ ಗಿವ್ವ ಅಂತೀರಾ?" ಎಂದು ಮೇಡಂ ನಕ್ಕರು. "ಅದೆಲ್ಲ ಕಂಪನಿಯವರು ರಿಪೇರಿಗೆ ಬಂದಾಗ ಬಳಸೋದು ಇರ್ಬೇಕು, ಬಿಡಿ."

ಬಿಡಿ ಎಂದರೆ ಬಿಡುವ ಜಾತಿಯೇ? ಯಂತ್ರ ಬಂದ ರಟ್ಟಿನ ಪೆಟ್ಟಿಗೆಗಳನ್ನು ಏಳು ವರ್ಷದಿಂದ ಎಸೆಯದೆ ಅಟ್ಟದ ಮೇಲೆ ಇಟ್ಟಿದ್ದ. ಅದರಲ್ಲಿ ಒಂದು ಪುಸ್ತಕ ಸಿಕ್ಕಿತು. ಪುಸ್ತಕ ಪೂರಾ ಇಂಗ್ಲಿಷು, ಅವನ ಇಂಗ್ಲಿಷು ಅಂಗಡಿ ಬೋರ್ಡು ಓದುವಷ್ಟು. ಊಟದ ಡಬ್ಬಿ ಪಕ್ಕಕ್ಕಿಟ್ಟುಕೊಂಡು ಅಕ್ಷರ ಅಕ್ಷರ ಕೂಡಿಸುತ್ತ, ತಿಳಿಯದ ಪದವನ್ನು ಮೊಬೈಲಿಗೆ ಕೇಳುತ್ತ, ಒಂಬತ್ತು ದಿನ ಓದಿದ. ಕೊನೆಗೆ ವಿಷಯ ತಿಳಿಯಿತು. ದೊಡ್ಡ ಯಂತ್ರದ ಹೊಟ್ಟೆಯೊಳಗೆ ಇನ್ನೊಂದು ಪುಟ್ಟ ಯಂತ್ರವಿದೆಯಂತೆ. ದೊಡ್ಡದು ಮಲಗಿದರೂ ಪುಟ್ಟದಕ್ಕೆ ನಿದ್ದೆಯಿಲ್ಲ. ಗೋಡೆಯಲ್ಲಿ ಪ್ಲಗ್ಗು ಇರುವ ತನಕ ಅದು ಎಚ್ಚರ. ಬಿಸಿ ಎಷ್ಟು, ಫ್ಯಾನು ಎಷ್ಟು ಸುತ್ತುತ್ತಿದೆ, ಯಾವಾಗ ಮುಚ್ಚಳ ತೆಗೆದರು, ಎಲ್ಲ ಬರೆದಿಟ್ಟುಕೊಳ್ಳುತ್ತದೆ. ಸ್ಪ್ಯಾನರ್ ಚಿತ್ರದ ತೂತಿಗೆ ವೈರು ಚುಚ್ಚಿದರೆ ದೂರದಲ್ಲಿ ಕೂತವರೂ ಅದರ ಜೊತೆ ಮಾತಾಡಬಹುದು.

ಅಯ್ಯೋ, ಇದೊಳ್ಳೆ ಮನೆಯಲ್ಲಿರೋ ಅತ್ತೆ ಕಥೆ ಆಯಿತಲ್ಲ ಎಂದುಕೊಂಡ ಗುಂಡಿಯಣ್ಣ. ಅವತ್ತಿನಿಂದ ಅವನ ಬಾಯಲ್ಲಿ ಆ ಪುಟ್ಟ ಯಂತ್ರದ ಹೆಸರು ಚಿಕ್ಕತ್ತೆ.

ಅಲಮಾರಿನಲ್ಲಿ ಹಳೇ ವೈರುಗಳಿದ್ದವು. ಅವನ್ನೆಲ್ಲ ಕೂಡಿಸುವ ಒಂದು ಸ್ವಿಚ್ ಪೆಟ್ಟಿಗೆಯೂ ಇತ್ತು. ಸ್ಟೂಲ್ ಹಾಕಿಕೊಂಡು, ಕೈಗೆ ಸಲೀಸಾಗಿ ಸಿಕ್ಕ ತೀರಾ ಮೇಲಿನದರಿಂದ ಶುರುಮಾಡಿ, ಕೆಳಕ್ಕೆ ಇಳಿಯುತ್ತ ಆರಕ್ಕೂ ವೈರು ಚುಚ್ಚಿದ. ಇನ್ನೊಂದು ತುದಿಯನ್ನು ಗೋಡೆಯ ತೂತಿನಿಂದ ತಂದು ತನ್ನ ಮೇಜಿನ ಕಂಪ್ಯೂಟರಿಗೆ ಸೇರಿಸಿದ. ಯಂತ್ರದ ಮುಂಭಾಗದಲ್ಲಿ ನಾಲಿಗೆಯ ಹಾಗೆ ಹೊರಗೆ ಎಳೆಯುವ ಒಂದು ಪಟ್ಟಿ ಇರುತ್ತದೆ. ಚಿಕ್ಕತ್ತೆಯ ಜೊತೆ ಮಾತಾಡಲು ಬೇಕಾದ ಗುಟ್ಟಿನ ಪದ, ಅಂದರೆ ಪಾಸ್‌ವರ್ಡು, ಅದರ ಮೇಲೇ ಅಚ್ಚಾಗಿತ್ತು. ಏಳು ವರ್ಷ ಆ ನಾಲಿಗೆಯ ಧೂಳು ಒರೆಸಿದ್ದಾನೆ ಪುಣ್ಯಾತ್ಮ, ಓದಿರಲಿಲ್ಲ!

ಪರದೆಯ ಮೇಲೆ ಒಂದು ಪುಟ ತೆರೆದುಕೊಂಡಿತು. ಒಂದನೇ ಫ್ಯಾನು ಇಷ್ಟು ಸುತ್ತು, ಎರಡನೇ ಫ್ಯಾನು ಇಷ್ಟು, ಒಳಗಿನ ಬಿಸಿ ಇಷ್ಟು. ಕೆಳಗೆ ಚಿಕ್ಕತ್ತೆಯ ದಿನಚರಿ. ಓದುತ್ತ ಹೋದ ಹಾಗೆ ಗುಂಡಿಯಣ್ಣ ಪರದೆಗೆ ಮುಖ ತಾಗುವಷ್ಟು ಬಗ್ಗಿದ. ಇಂಥ ದಿನ, ಇಷ್ಟು ಹೊತ್ತಿಗೆ, ಮುಂದಿನ ಗುಂಡಿ ಒತ್ತಲಾಯಿತು. ಇಂಥ ದಿನ ಮತ್ತೆ ಒತ್ತಲಾಯಿತು. ಸಾಲು ಸಾಲು, ಪುಟ ಪುಟ. ಒಂದು ಕಡೆ ಮುಚ್ಚಳ ತೆಗೆಯಲಾಯಿತು ಎಂದಿತ್ತು. ಅದು ಫ್ಯಾನಿನೊಳಗೆ ಹಲ್ಲಿ ಸಿಕ್ಕಿಕೊಂಡ ದಿನ, ಯಾರಿಗೂ ಹೇಳದೆ ತಾನೇ ಬಿಚ್ಚಿ ತೆಗೆದಿದ್ದ. ಅಷ್ಟು ವರ್ಷ ಗುಡ್ಡದ ಮೇಲೆ ಒಬ್ಬನೇ ಕೂತು ಮಾಡಿದ್ದನ್ನು ಯಾರೂ ನೋಡಿಲ್ಲ ಎಂದುಕೊಂಡಿದ್ದ. ನೋಡಿದವರೊಬ್ಬರು ಗೋಡೆಯಾಚೆಯೇ ಇದ್ದರು. ಅವನಿಗೆ ಖುಷಿಯಾಯಿತು, ನಾಚಿಕೆಯೂ ಆಯಿತು.

ಆ ಪುಟದ ಒಂದು ಮೂಲೆಯಲ್ಲಿ ಇನ್ನೊಂದು ಗುಂಡಿಯ ಚಿತ್ರವಿತ್ತು. ಒತ್ತಿದ. ಹಿಂದಿನ ಕೋಣೆಯಲ್ಲಿ ಒಂದು ಫ್ಯಾನಿನ ಸದ್ದು ಇಳಿಯಿತು. ಮತ್ತೆ ಒತ್ತಿದ. ಏರಿತು. ಕುರ್ಚಿಯಿಂದ ಎದ್ದಿರಲಿಲ್ಲ.

ಸಂಜೆ ಮನೆಗೆ ಬಂದವನೇ ಹೆಂಡತಿಗೆ ಎಲ್ಲ ಹೇಳಿದ. ಅವಳು ಹೊಲಿಗೆ ನಿಲ್ಲಿಸಿ, ಬಾಯಲ್ಲಿದ್ದ ಗುಂಡುಪಿನ್ನು ತೆಗೆದು ಪೂರ್ತಿ ಕೇಳಿದಳು.

"ಅಂದ್ರೆ ಆ ಗುಂಡಿ ಒತ್ತೋಕೆ ಅಲ್ಲಿ ಮನುಷ್ಯರೇ ಬೇಡ್ವಾ?"

"ಬೇಡವೇ ಬೇಡ ಕಣೇ! ಎಷ್ಟು ದೂರದಿಂದ ಬೇಕಾದ್ರೂ ಒತ್ತಬಹುದು. ಎಂಥ ತಲೆ ಓಡ್ಸಿದಾರೆ ನೋಡು!"

"ಅಲ್ಲಾರೀ, ನಿಮ್ಮ ತಲೆ ಎಲ್ಲಿದೆ?" ಎಂದಳು. "ನಿಮ್ಮ ಕಾಲ ಮೇಲೆ ನೀವೇ ಕಲ್ಲು ಎತ್ತಿ ಹಾಕ್ಕೊಂಡು ಕುಣೀತಿದೀರಲ್ಲ!"

ನಿಜ ಹೇಳುತ್ತೇನೆ, ಆ ಕ್ಷಣದವರೆಗೂ ಅವನಿಗೆ ಅದು ಹೊಳೆದೇ ಇರಲಿಲ್ಲ.

"ಯಾರಿಗೂ ಉಸಿರು ಬಿಡಬೇಡಿ," ಎಂದಳು ಹೆಂಡತಿ. "ಆಟ ಆಡ್ಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ಬಾಯಿಗೆ ಬೀಗ."

ಬೀಗ ಹಾಕಿಕೊಂಡ, ಆಟ ಬಿಡಲಿಲ್ಲ. ಆಮೇಲಿನ ಎರಡು ತಿಂಗಳು ಅವನಷ್ಟು ಸುಖಿ ಆ ಇಲಾಖೆಯಲ್ಲಿ ಇನ್ನೊಬ್ಬನಿರಲಿಲ್ಲ. ಬೆಳಿಗ್ಗೆ ಬಂದೊಡನೆ ಚಿಕ್ಕತ್ತೆಯರ ಯೋಗಕ್ಷೇಮ. ಎ.ಸಿ.ಯನ್ನು ಒಂದು ಡಿಗ್ರಿ ಏರಿಸಿದರೆ ಯಾರಿಗೆ ಮೊದಲು ಸೆಕೆಯಾಗುತ್ತದೆ? ಬಾಗಿಲು ತೆರೆದಿಟ್ಟರೆ? ಮೇಡಂ ಫೋನ್ ಬಂದರೆ ಕುರ್ಚಿಯಲ್ಲೇ ಕೂತು ಒತ್ತಿ, "ಎದ್ದಿದೆ ಮೇಡಂ" ಎನ್ನುವುದು. ಒಂದೇ ತಾಪತ್ರಯ. ವೈರು ಚುಚ್ಚಿದ್ದು ಮೇಲಿನಿಂದ, ಹಾಗಾಗಿ ಪರದೆಯ ಪಟ್ಟಿಯೂ ಮೇಲಿನಿಂದ ಒಂದು, ಎರಡು, ಮೂರು ಎಂದು ಬಂದಿತ್ತು. ಮೇಡಂ ಹೇಳುವ ಸಂಖ್ಯೆ ಕೆಳಗಿನಿಂದ. ಅವರು ಎರಡು ಎಂದರೆ ಏಳರಲ್ಲಿ ಎರಡು ಕಳೆದು ಐದನ್ನು ಒತ್ತಬೇಕು. ಪಟ್ಟಿ ತಿದ್ದಿದ್ದರೆ ಹತ್ತು ನಿಮಿಷದ ಕೆಲಸ. ನಾಳೆ ತಿದ್ದಿದರಾಯಿತು, ಸದ್ಯಕ್ಕೆ ತಲೆಯಲ್ಲೇ ಕಳೆದರಾಯಿತು ಎಂದುಕೊಂಡ. ಹೊಲಿಗೆ ಯಂತ್ರದ ಎರಡು ತಿರುಪು ಬಿಟ್ಟವನೂ ಇವನೇ ತಾನೆ.

ಒಂದು ದಿನ ಬೆಳಿಗ್ಗೆ ಹತ್ತೂವರೆಗೆ ಫೋನು ಬಂತು.

"ಅಣ್ಣಾ, ಮೂರನೇದು ಹಟ ಮಾಡ್ತಿದೆ."

"ಆಯ್ತು ಮೇಡಂ, ಇರಿ." ಏಳರಲ್ಲಿ ಮೂರು ಕಳೆಯುವಷ್ಟರಲ್ಲಿ ಆ ಕಡೆಯಿಂದ ಇನ್ನೊಂದು ಮಾತು ಬಂತು.

"ಅಣ್ಣಾ, ಒಂದು ಕೇಳ್ಲಾ? ಈಚೆಗೆ ನಿಮ್ಮ ಚಪ್ಪಲಿ ಸದ್ದು ಕೇಳ್ಸೋದೇ ಇಲ್ವಲ್ಲ! ಮೊದಲು ಪಟಪಟ ಅಂತ ಹೋಗಿ ಬರ್ತಿದ್ರಿ. ಈಗ ಹಾರ್ಕೊಂಡು ಹೋಗ್ತೀರಾ?"

ಗುಂಡಿಯಣ್ಣ ಕಾಲಲ್ಲಿದ್ದ ಚಪ್ಪಲಿಯತ್ತ ನೋಡಿಕೊಂಡ. "ಅದು... ಬರಿಗಾಲಲ್ಲಿ ಓಡಾಡ್ತೀನಿ ಮೇಡಂ, ಒಳ್ಳೇದಂತೆ," ಎನ್ನುತ್ತ ಪರದೆಯ ಮೇಲಿದ್ದ ಮೂರನ್ನು ಹಾಗೇ ಒತ್ತಿಬಿಟ್ಟ.

ಪರದೆಯ ಮೂರು ಎಂದರೆ ಕೆಳಗಿನಿಂದ ನಾಲ್ಕು. ಊರಿನ ಅತಿ ದೊಡ್ಡ ತೊಟ್ಟಿಯ ಮಟ್ಟ ನೋಡುವ ಯಂತ್ರ ಅದು. ಅದರ ಕಣ್ಣು ಮುಚ್ಚಿದರೆ ತೊಟ್ಟಿ ತುಂಬಿ ಹರಿಯಬಾರದು ಎಂದು ಪಂಪುಗಳು ತಾವಾಗಿಯೇ ನಿಲ್ಲುತ್ತವೆ. ನಿಂತವು. ಫೋನಿನಲ್ಲಿ ಮೇಡಂ ಚೀರಿದ್ದು, ಅವರ ಹಿಂದೆ ಗಂಟೆ ಹೊಡೆದುಕೊಂಡದ್ದು, ಯಾರೋ ಓಡಿದ್ದು, ಎಲ್ಲ ಕೇಳಿಸಿತು. ಗುಂಡಿಯಣ್ಣ ಅದನ್ನೇ ಮತ್ತೆ ಒತ್ತಿದ. ಯಂತ್ರ ಎದ್ದು ಕಣ್ಣುಜ್ಜಿಕೊಳ್ಳಲು ಹತ್ತು ನಿಮಿಷ, ಪಂಪುಗಳನ್ನು ಒಂದೊಂದಾಗಿ ಎಬ್ಬಿಸಲು ಅರ್ಧ ಗಂಟೆ. ಅಷ್ಟು ಹೊತ್ತು ಅರ್ಧ ಊರಿನ ನಲ್ಲಿಗಳು ಉಸಿರು ಬಿಟ್ಟುಕೊಂಡು ಕೂತವು.

"ಏನಾಯ್ತಣ್ಣಾ? ಏನ್ ಒತ್ತಿದ್ರಿ?" ಎಲ್ಲ ತಣ್ಣಗಾದ ಮೇಲೆ ಮೇಡಂ ಕೇಳಿದರು.

"ಇದು ಫೋನಲ್ಲಿ ಹೇಳೋದಲ್ಲ ಮೇಡಂ. ಒಂದ್ಸಲ ಬಂದುಬಿಡಿ."

ಮರುದಿನವೇ ಬಂದರು. ಗುಡ್ಡ ಹತ್ತಿ ಏದುಸಿರು ಬಿಡುತ್ತಿದ್ದ, ಮೂವತ್ತೈದರ ಆಸುಪಾಸಿನ ಸಣ್ಣ ಹೆಂಗಸು. ಆ ದನಿಗೆ ಎತ್ತರದ ಆಳನ್ನು ಎಣಿಸಿಕೊಂಡಿದ್ದ ಗುಂಡಿಯಣ್ಣ ಒಂದು ಕ್ಷಣ ತಬ್ಬಿಬ್ಬಾದ. ಆಮೇಲೆ ಕುರ್ಚಿ ಕೊಟ್ಟು, ಪರದೆ ತೋರಿಸಿ, ಹಸಿರು ದೀಪದಿಂದ ಹಿಡಿದು ನಿನ್ನೆಯ ಮೂರರವರೆಗೆ ಒಂದನ್ನೂ ಬಿಡದೆ ಹೇಳಿದ. ಹೇಳುತ್ತ ಹೇಳುತ್ತ ಹೆದರಿಕೆ ಎಲ್ಲಿ ಹೋಯಿತೋ! ಎರಡು ತಿಂಗಳಿಂದ ಹೊಟ್ಟೆಯಲ್ಲಿ ಕಟ್ಟಿಟ್ಟಿದ್ದು ದಡದಡನೆ ಬಂತು. ಎ.ಸಿ.ಯ ಪ್ರಯೋಗ, ಹಲ್ಲಿ, ಸೆಕೆ ತಡೆಯದ ಐದನೇ ಯಂತ್ರ, ಎಲ್ಲ ಬಂತು. ಮೇಡಂ ಕೂಡ ಕುರ್ಚಿ ಮುಂದಕ್ಕೆ ಎಳೆದುಕೊಂಡು, ಇದೇನು, ಅದೇನು, ಇದನ್ನು ಒತ್ತಿದರೆ ಏನಾಗುತ್ತದೆ ಎಂದು ಶುರುಮಾಡಿದರು. ಇಬ್ಬರೂ ತಲೆಗೆ ತಲೆ ತಾಗಿಸಿ ಕೂತು ಒಂದು ಗಂಟೆ ಕಳೆದದ್ದೇ ತಿಳಿಯಲಿಲ್ಲ.

ಕೊನೆಗೆ ಮೇಡಂ ಕನ್ನಡಕ ತೆಗೆದು ಒರೆಸಿದರು.

"ಅಣ್ಣಾ, ನಿನ್ನೆ ನೀರು ನಿಂತಿದ್ದಕ್ಕೆ ನಾನು ವರದಿ ಬರೀಬೇಕು. ಇದನ್ನ ಬರೆದ್ರೆ ಈ ಕೋಣೆಗೆ ಮನುಷ್ಯ ಬೇಡ ಅಂತಾರೆ."

"ಗೊತ್ತು ಮೇಡಂ."

"ಕೈ ತಪ್ಪಿ ಪಕ್ಕದ ಗುಂಡಿ ಒತ್ತಿದ್ರು ಅಂತ ಬರೀತೀನಿ. ಒಂದು ಎಚ್ಚರಿಕೆ ಪತ್ರ ಬರುತ್ತೆ, ಅಷ್ಟೆ. ನೀವು ಈ ವೈರುಗಳನ್ನ ಕಿತ್ತಿಡಿ. ನಾನು ಇಲ್ಲಿಗೆ ಬಂದೂ ಇಲ್ಲ, ನೋಡಿಯೂ ಇಲ್ಲ. ನಾಲ್ಕು ವರ್ಷ ತಾನೆ?"

ಇಷ್ಟು ಒಳ್ಳೆ ಮಾತು ಯಾರು ಹೇಳುತ್ತಾರೆ? ಗುಂಡಿಯಣ್ಣನ ಕಣ್ಣು ಒದ್ದೆಯಾಯಿತು. ಎದ್ದು ಹಿಂದಿನ ಕೋಣೆಗೆ ಹೋದ, ಸ್ಟೂಲ್ ಹತ್ತಿದ, ತೀರಾ ಮೇಲಿನ ವೈರು ಎಳೆದ. ಕಟಕ್ ಎಂದು ಬಂತು. ಎರಡನೆಯದು, ಕಟಕ್. ಮೂರನೆಯದಕ್ಕೆ ಕೈ ಹಾಕಿದ, ಎಳೆಯಲಾಗಲಿಲ್ಲ. ತಿಳಿಯದ ಕಾಲದಲ್ಲಿ ಆ ತೂತು ಖಾಲಿ ಇದ್ದದ್ದು ಬೇರೆ. ತಿಳಿದ ಮೇಲೆ ಖಾಲಿ ಮಾಡಿ, ನಾಲ್ಕು ವರ್ಷ ಅದರ ಮುಂದೆ ಏನೂ ಅರಿಯದವನ ಹಾಗೆ ಪಟಪಟ ಓಡಾಡುವುದು ಬೇರೆ. ಕಿತ್ತ ಎರಡನ್ನೂ ವಾಪಸು ಚುಚ್ಚಿ ಕೆಳಗಿಳಿದ.

"ಮೇಡಂ, ಕೈ ತಪ್ಪಿತು ಅಂತ ಮಾತ್ರ ಬರೀಬೇಡಿ. ಹನ್ನೆರಡು ವರ್ಷದಲ್ಲಿ ನನ್ನ ಕೈ ಒಂದ್ಸಲಾನೂ ತಪ್ಪಿಲ್ಲ. ಬೇಕಾದ್ರೆ ಈ ಏಳು ವರ್ಷದ್ದು ಚಿಕ್ಕತ್ತೇನ ಕೇಳಿ. ಲೆಕ್ಕ ತಪ್ಪಿದ್ದು ನನ್ನ ತಲೆ. ತಲೆ ತಪ್ಪಿತು ಅಂತ ಬರೀರಿ."

ಮೇಡಂ ಕನ್ನಡಕ ಹಾಕಿಕೊಂಡರು. ಆಮೇಲೆ ಬರೆದರು, ಇದ್ದದ್ದನ್ನು ಇದ್ದ ಹಾಗೇ.

ಹೆಂಡತಿ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ, "ಕೈ ತಪ್ಪಿತು ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಊಟಕ್ಕೆ ಬಡಿಸಿದಳು. ಬಡಿಸುವಾಗ ಅತ್ತಳು. ಅವನು ಅನ್ನ ಕಲೆಸುತ್ತಲೇ ಕೂತ. ತಪ್ಪು ಮಾಡಿದೆನೇ ಎಂದು ಹತ್ತು ಸಲ ಕೇಳಿಕೊಂಡ, ಹತ್ತು ಸಲವೂ ಇಲ್ಲ ಎಂದೇ ಬಂತು. ಹಾಗೆಂದು ಸಂಕಟವೇನೂ ಕಡಿಮೆಯಾಗಲಿಲ್ಲ.

ಆರು ವಾರಕ್ಕೆ ಆದೇಶ ಬಂತು. ಗುಡ್ಡದ ಕೋಣೆಯ ಹುದ್ದೆ ರದ್ದು. ನೌಕರನನ್ನು ಮೀಟರ್ ದುರಸ್ತಿ ವಿಭಾಗದಲ್ಲಿ ಜಾಗ ಖಾಲಿಯಾದಾಗ ಪರಿಗಣಿಸಲಾಗುವುದು. ಯಾವಾಗ ಖಾಲಿಯಾಗುತ್ತದೆ, ಯಾರಿಗೆ ಗೊತ್ತು? ಅದಕ್ಕೆ ಮೇಡಂ ಮೂರು ಪತ್ರ ಬರೆದರು, ಮೂರಕ್ಕೂ ಉತ್ತರವಿಲ್ಲ. ಅಷ್ಟರೊಳಗೆ ಚಿಕ್ಕತ್ತೆಯರ ವೈರು ಮುಖ್ಯ ಕಚೇರಿಯ ತನಕ ಹೋಗಿತ್ತು. ಪಟ್ಟಿಯನ್ನು ಗುಂಡಿಯಣ್ಣನೇ ಕೂತು ಕೆಳಗಿನಿಂದ ತಿದ್ದಿದ್ದ.

ಕೊನೆಯ ದಿನ, ಸೋಮವಾರ, ಹನ್ನೊಂದು ಗಂಟೆಗೆ ಪರೀಕ್ಷೆ. ಪ್ರತಿ ಯಂತ್ರದ ಮುಂದೆ ಒಂದು ನೀಲಿ ದೀಪವಿದೆ. ನಾನು ಇಲ್ಲಿದ್ದೇನೆ ಎಂದು ತೋರಿಸಲು ಅದನ್ನು ದೂರದಿಂದಲೇ ಮಿನುಗಿಸಬಹುದು. ಪುಸ್ತಕದ ನಲವತ್ತನೇ ಪುಟದಲ್ಲಿ ಅದೂ ಇತ್ತು. ಮೊದಲೇ ಅಲ್ಲಿಯವರೆಗೆ ಓದಿದ್ದರೆ ಅವತ್ತು ನೀರು ನಿಲ್ಲುತ್ತಿರಲಿಲ್ಲ ಎಂದು ಅವನು ತನ್ನನ್ನೇ ಬೈದುಕೊಂಡಿದ್ದ. ಈಗ ಮೇಡಂ ಕಚೇರಿಯಿಂದ ಒಂದೊಂದಾಗಿ ದೀಪ ಹಾಕುವುದು, ಇವನು ಮೊಬೈಲ್ ಹಿಡಿದು ಚೌಕಟ್ಟಿನ ಮುಂದೆ ನಿಂತು ಎಲ್ಲಿ ಮಿನುಗಿತು ಎಂದು ಹೇಳುವುದು. ಎಲ್ಲ ಸರಿ ಬಂದರೆ ಕೋಣೆಗೆ ಬೀಗ.

"ಮೊದಲನೇದು ಹಾಕಿದೀನಿ ಅಣ್ಣಾ."

ತೀರಾ ಕೆಳಗಿನ ಯಂತ್ರದಲ್ಲಿ ನೀಲಿ ದೀಪ ಮಿನುಗಿತು. ಕೈಯಿಲ್ಲ, ಕಾಲಿಲ್ಲ, ಊರಿನ ಆ ತುದಿಯಲ್ಲಿ ಬೆರಳು, ಈ ತುದಿಯಲ್ಲಿ ಬೆಳಕು! ಇಷ್ಟು ದಿನ ಮೇಜಿನಿಂದ ಒತ್ತಿ ಗೊತ್ತಿತ್ತು. ಒತ್ತಿಸಿಕೊಳ್ಳುವ ಕಡೆ ನಿಂತು ನೋಡಿದ್ದು ಇದೇ ಮೊದಲು. ಎಲ್ಲ ಮರೆತು ಮಂಡಿಯೂರಿ ಬಗ್ಗಿ ನೋಡಿದ.

"ಕೆಳಗಿಂದು ಮೇಡಂ. ಸರಿಯಾಗಿದೆ. ಚೆನ್ನಾಗಿ ಉರೀತಿದೆ!"

ಎರಡನೆಯದು ಸರಿ ಬಂತು. ಮೂರು, ನಾಲ್ಕು, ಐದು. ಪ್ರತಿ ಸಲವೂ ಅವನು ಒಂದೊಂದು ಗೇಣು ಮೇಲೆ ನೋಡುತ್ತ ಎದ್ದು ನಿಂತ. ಆರನೆಯದು ತಲೆಗಿಂತ ಮೇಲೆ ಮಿನುಗಿತು.

"ಆರೂ ಸರಿ ಇದಾವೆ ಮೇಡಂ."

ಆರನೆಯ ದೀಪ ಮಿನುಗುತ್ತಲೇ ಇತ್ತು.

"ಮೇಡಂ? ಕೇಳಿಸ್ತಾ? ಆರೂ ಸರಿ ಇದಾವೆ. ಹಾಗಾದ್ರೆ... ಬಾಗಿಲು ಹಾಕ್ಕೊಂಡು ಹೊರಡ್ಲಾ?"

ಎ.ಸಿ. ಗುಂಯ್ ಎನ್ನುತ್ತಿತ್ತು. ಆರನೆಯ ದೀಪ ಆರಿತು.

"ಇರಿ ಅಣ್ಣಾ, ಹೋಗ್ಬೇಡಿ. ಇನ್ನೊಂದ್ಸಲ ನೋಡ್ಬಿಡೋಣ. ಮೊದಲನೇದ್ರಿಂದ."

ಇನ್ನೊಮ್ಮೆ ನೋಡುವಂಥದ್ದು ಏನೂ ಇರಲಿಲ್ಲ. ಅದು ಅವರಿಗೂ ಗೊತ್ತಿತ್ತು, ಇವನಿಗೂ ಗೊತ್ತಿತ್ತು. ಗುಂಡಿಯಣ್ಣ ಮತ್ತೆ ಮಂಡಿಯೂರಿ ಕೂತ.

"ಹ್ಞೂಂ, ಹಾಕಿ ಮೇಡಂ," ಎಂದ.